ತಲೆಬುರುಡೆಯೊಳಗಿನ ತೊಗಟೆ: ಯಾವ ಜಾಗಕ್ಕೆ ಯಾವ ಕೆಲಸ?



ನಮ್ಮ ವಿಜ್ಞಾನ ಪುಸ್ತಕದಲ್ಲಿ ಮೆದುಳಿನ ಪಾಠ ಇದೆ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಅಂತ ಮೂರು ಭಾಗ. ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂತ ಪರೀಕ್ಷೆಗೆ ಕೇಳುತ್ತಾರೆ, ನಾವೂ ಬರೆದು ಅಂಕ ತಗೊಂಡು ಮರೆಯುತ್ತೇವೆ. ಮುಮ್ಮೆದುಳಿನ ಕೆಲಸ ಏನು ಅಂದರೆ "ಆಲೋಚನೆ, ನೆನಪು, ಬುದ್ಧಿಶಕ್ತಿ" ಅಂತ ಒಂದೇ ಸಾಲಿನ ಉತ್ತರ. ಈ ಒಂದು ಸಾಲಿನ ಹಿಂದೆ ಎಷ್ಟು ಜನರ ಕಥೆ ಇದೆ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷದಿಂದ ಈಚೆಗೆ. ಹಾಗಾಗಿ ಈ ಸಲದ ಗೋಡೆಪತ್ರಿಕೆಗೆ ಕವನ ಬೇಡ, ಇದನ್ನೇ ಬರೆಯುತ್ತೇನೆ ಅಂತ ಮೇಷ್ಟ್ರನ್ನು ಕೇಳಿ ನಾಲ್ಕು ಹಾಳೆ ಜಾಗ ತಗೊಂಡಿದ್ದೇನೆ. ನಿಂತು ಓದಿ ಕಾಲು ನೋವು ಬಂದರೆ ಅರ್ಧ ಇವತ್ತು, ಅರ್ಧ ನಾಳೆ ಓದಿ.

ಮೊದಲು ಈ ಕಾರ್ಟೆಕ್ಸ್ ಅಂದರೆ ಏನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ಕಾರ್ಟೆಕ್ಸ್ ಅಂದರೆ ಮರದ ತೊಗಟೆ. ಮೆದುಳಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕದ ಮೇಲೆ ತೊಗಟೆಯ ಹಾಗೆ ಹೊದ್ದುಕೊಂಡಿರುವ ಬೂದು ಬಣ್ಣದ ಪದರ ಇದು. ದಪ್ಪ ಎಷ್ಟು ಗೊತ್ತಾ? 2ರಿಂದ 4 ಮಿಲಿಮೀಟರ್ ಅಷ್ಟೇ. ನಮ್ಮಮ್ಮ ತೆಳ್ಳಗೆ ತಟ್ಟಿದ ಅಕ್ಕಿರೊಟ್ಟಿಯಷ್ಟು. ಆದರೆ ಹರಡಿದರೆ ದಿನಪತ್ರಿಕೆಯ ಒಂದು ಪುಟದಷ್ಟು ಅಗಲ ಬರುತ್ತೆ. ಅಷ್ಟು ದೊಡ್ಡದನ್ನು ತಲೆಬುರುಡೆಯೊಳಗೆ ಹೇಗೆ ತುರುಕೋದು? ಮಡಿಸಿ, ಮುದುರಿ. ತಾತನ ಪಂಚೆಯನ್ನು ಮುದುರಿ ಚಿಕ್ಕ ಡಬ್ಬಿಯಲ್ಲಿ ಇಟ್ಟ ಹಾಗೆ. ಮೆದುಳಿನ ಚಿತ್ರದಲ್ಲಿ ಕಾಣುವ ಸುಕ್ಕು ಸುಕ್ಕು ಬೇರೆ ಏನೂ ಅಲ್ಲ, ಈ ಮಡಿಕೆಗಳೇ. ಕಾರ್ಟೆಕ್ಸಿನ ಮೂರರಲ್ಲಿ ಎರಡು ಪಾಲು ಮಡಿಕೆಗಳ ಒಳಗೆ ಅಡಗಿಕೊಂಡಿದೆ.

ಇಡೀ ಮೆದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ, ಅದರಲ್ಲಿ ಸುಮಾರು 1600 ಕೋಟಿ ಈ ತೊಗಟೆಯಲ್ಲಿ. ಮೆದುಳಿನ ತೂಕ ಒಂದು ಕಿಲೋ ಮುನ್ನೂರು ನಾನ್ನೂರು ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ, ಆದರೆ ನಾವು ಸುಮ್ಮನೆ ಕೂತಿರುವಾಗಲೂ ದೇಹದ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಇದೇ ಖರ್ಚು ಮಾಡುತ್ತೆ. ಅದಕ್ಕೇ ರಕ್ತ ನಿಂತರೆ ಎಲ್ಲಕ್ಕಿಂತ ಮೊದಲು ಕೆಡುವುದೂ ಇದೇ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಎಡಗಡೆ ಒಂದು ಗೋಳಾರ್ಧ, ಬಲಗಡೆ ಒಂದು ಗೋಳಾರ್ಧ. ಒಂದೊಂದರಲ್ಲೂ ನಾಲ್ಕು ಹಾಲೆಗಳು. ಹಣೆಯ ಹಿಂದೆ ಇರುವುದು ಫ್ರಾಂಟಲ್ ಹಾಲೆ. ನೆತ್ತಿಯ ಕೆಳಗೆ, ಸ್ವಲ್ಪ ಹಿಂದಕ್ಕೆ ಪರೈಟಲ್ ಹಾಲೆ. ಕಿವಿಯ ಮೇಲ್ಗಡೆ, ಕಣತಲೆಯ ಒಳಗೆ ಟೆಂಪೊರಲ್ ಹಾಲೆ. ತಲೆಯ ಹಿಂಭಾಗದಲ್ಲಿ, ಮಲಗಿದಾಗ ದಿಂಬಿಗೆ ತಾಗುವ ಕಡೆ ಆಕ್ಸಿಪಿಟಲ್ ಹಾಲೆ. ಪಕ್ಕದ ಚಿತ್ರದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಬಣ್ಣ ಹಾಕಿದ್ದೇವೆ. (ಹಸಿರು ಸ್ಕೆಚ್ ಪೆನ್ನು ಖಾಲಿಯಾದ ಕಾರಣ ಟೆಂಪೊರಲ್ ಅರ್ಧ ಹಸಿರು, ಅರ್ಧ ನೀಲಿ ಆಗಿದೆ. ಅದಕ್ಕೆ ಬೇರೆ ಅರ್ಥ ಇಲ್ಲ.)

ಯಾವ ಜಾಗಕ್ಕೆ ಯಾವ ಕೆಲಸ ಅಂತ ಹೇಗೆ ಕಂಡುಹಿಡಿದರು? 1800ರ ಸುಮಾರಿಗೆ ವಿಯೆನ್ನಾದಲ್ಲಿ ಗಾಲ್ ಎಂಬ ವೈದ್ಯ ಇದ್ದ. ತಲೆಬುರುಡೆಯ ಮೇಲಿನ ಉಬ್ಬು ತಗ್ಗು ಮುಟ್ಟಿ ನೋಡಿ ಇವನು ಲೋಭಿ, ಇವನು ಕಳ್ಳ ಅಂತ ಹೇಳಬಹುದು ಅಂದ. ಜಾತ್ರೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವರ ಹಾಗೆಯೇ. ಆ ಉಬ್ಬಿನ ಲೆಕ್ಕವೆಲ್ಲ ಸುಳ್ಳಾಯಿತು. ಆದರೆ ಮೆದುಳಿನ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಕೆಲಸ ಇರಬಹುದು ಅನ್ನುವ ಯೋಚನೆ ಮಾತ್ರ ಉಳಿದುಕೊಂಡಿತು. ನಿಜವಾದ ಸಾಕ್ಷಿ ಸಿಕ್ಕಿದ್ದು 1861ರಲ್ಲಿ.

ಪ್ಯಾರಿಸ್ ಹತ್ತಿರ ಬಿಸೆತ್ರ್ ಎಂಬ ಆಸ್ಪತ್ರೆ. ಅಲ್ಲಿ ಲೆಬೋರ್ನ್ ಅಂತ ಒಬ್ಬ ರೋಗಿ 21 ವರ್ಷದಿಂದ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಶಬ್ದ, "ತಾನ್". ಹೆಸರೇನು? ತಾನ್ ತಾನ್. ಊಟ ಆಯಿತಾ? ತಾನ್ ತಾನ್. ಆಸ್ಪತ್ರೆಯವರು ಅವನ ಹೆಸರನ್ನೇ ತಾನ್ ಅಂತ ಮಾಡಿಬಿಟ್ಟಿದ್ದರು. ಆದರೆ ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಎಷ್ಟು ವರ್ಷದಿಂದ ಇಲ್ಲಿದ್ದೀಯ ಅಂದರೆ ಎಡಗೈ ಬೆರಳು ಮಡಿಸಿ ಬಿಚ್ಚಿ ಲೆಕ್ಕ ತೋರಿಸುತ್ತಿದ್ದ. ತಾನು ಹೇಳಿದ್ದು ಬೇರೆಯವರಿಗೆ ಅರ್ಥ ಆಗದೆ ಹೋದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಸರಾಗವಾಗಿ ಹೊರಡುತ್ತಿತ್ತಂತೆ! ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಕಾಲಿನ ಕೀವು ಏರಿ ಅವನನ್ನು ಪೌಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಹತ್ತಿರ ತಂದರು. ಕೆಲವೇ ದಿನಕ್ಕೆ, ಏಪ್ರಿಲ್ 17ರಂದು ಅವನು ತೀರಿಕೊಂಡ. ಆಗ ಅವನಿಗೆ 51 ವರ್ಷ. ಬ್ರೋಕಾ ಅವನ ಮೆದುಳನ್ನು ತೆಗೆದು ನೋಡಿದಾಗ ಎಡಗಡೆ ಫ್ರಾಂಟಲ್ ಹಾಲೆಯಲ್ಲಿ ಒಂದು ಕೋಳಿಮೊಟ್ಟೆ ಹಿಡಿಸುವಷ್ಟು ಕುಳಿ ಇತ್ತು.

ಒಬ್ಬ ರೋಗಿಯಿಂದ ಯಾವುದನ್ನೂ ಸಾಧಿಸೋಕೆ ಆಗಲ್ಲ ಅಲ್ವಾ? ಅದೇ ವರ್ಷ ಇನ್ನೊಬ್ಬ ಮುದುಕನ ಮೆದುಳಿನಲ್ಲೂ ಹೆಚ್ಚುಕಡಿಮೆ ಅದೇ ಜಾಗ ಕೆಟ್ಟಿರುವುದು ಸಿಕ್ಕಿತು. ಅವನಿಗೆ ಉಳಿದಿದ್ದದ್ದು ಬರೀ ಐದು ಶಬ್ದ. ಹೀಗೆ ಒಂದೊಂದಾಗಿ ಸೇರಿಸಿ, 1865ರಲ್ಲಿ ಬ್ರೋಕಾ "ನಾವು ಮಾತಾಡುವುದು ಎಡ ಗೋಳಾರ್ಧದಿಂದ" ಎಂಬ ತೀರ್ಮಾನಕ್ಕೆ ಬಂದ. ಆ ಜಾಗಕ್ಕೆ ಈಗಲೂ ಬ್ರೋಕಾ ಪ್ರದೇಶ ಅಂತಲೇ ಹೆಸರು. ನಿಮ್ಮ ಎಡಗಡೆ ಕಣತಲೆಯಿಂದ ಸ್ವಲ್ಪ ಮೇಲಕ್ಕೆ ಬೆರಳಿಡಿ, ಹೆಚ್ಚುಕಡಿಮೆ ಅದರ ಒಳಗಿದೆ. ಎಡಚರಿಗೆ ಇದು ಬಲಗಡೆ ಇರುತ್ತೆ ಅಂತ ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ಎಡಗೈಯಲ್ಲಿ ಬರೆಯುವವರಲ್ಲೂ ಹೆಚ್ಚಿನವರಿಗೆ ಮಾತು ಎಡಗಡೆಯೇ.

1874ರಲ್ಲಿ ವೆರ್ನಿಕೆ ಎಂಬ 26 ವರ್ಷದ ಜರ್ಮನ್ ವೈದ್ಯ ಇದಕ್ಕೆ ತಿರುವುಮುರುವಾದ ರೋಗಿಗಳ ಬಗ್ಗೆ ಬರೆದ. ಅವರು ಧಾರಾಳವಾಗಿ, ನಿಲ್ಲಿಸದೆ ಮಾತಾಡುತ್ತಾರೆ, ಆದರೆ ಮಾತಿಗೆ ತಲೆ ಬುಡ ಇರಲ್ಲ. ಬೇರೆಯವರು ಹೇಳಿದ್ದೂ ಅರ್ಥವಾಗಲ್ಲ. ಅವರಲ್ಲಿ ಕೆಟ್ಟಿರುವುದು ಎಡ ಟೆಂಪೊರಲ್ ಹಾಲೆಯ ಮೇಲಿನ ಹಿಂಭಾಗ. ಅಂದರೆ ಮಾತು ಕಟ್ಟುವ ಜಾಗ ಒಂದು, ಮಾತಿನ ಅರ್ಥ ಹಿಡಿಯುವ ಜಾಗ ಇನ್ನೊಂದು, ಎರಡರ ನಡುವೆ ನರತಂತುಗಳ ದಾರಿ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಬ್ರೋಕಾ ಪ್ರದೇಶವನ್ನು ನಾನು ಪುಸ್ತಕಕ್ಕಿಂತ ಮುಂಚೆ ಮನೆಯ ಜಗುಲಿಯಲ್ಲೇ ನೋಡಿದ್ದೆ. ಎರಡು ವರ್ಷದ ಹಿಂದೆ ನಮ್ಮ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋಯಿತು, ಮಾತು ನಿಂತಿತು. ಗಾಳಿ ಸೋಕಿದೆ ಅಂತ ಒಬ್ಬರು, ಔಷಧಿ ಎಣ್ಣೆ ತಿಕ್ಕಿಸಿ ಅಂತ ಇನ್ನೊಬ್ಬರು. ಎಲ್ಲೆಲ್ಲೋ ತಿರುಗಿ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು. ಮನೆಗೆ ಬಂದ ಮೇಲೆ ತಾತನ ಬಾಯಲ್ಲಿ ಉಳಿದದ್ದು "ಅದೇ ಅದೇ" ಅನ್ನುವ ಒಂದೇ ಮಾತು. ನೀರು ಬೇಕಾದರೂ ಅದೇ ಅದೇ, ದನ ಹಗ್ಗ ಕಿತ್ತುಕೊಂಡರೂ ಅದೇ ಅದೇ.

ನೋಡೋಕೆ ಬಂದವರು ಏನು ಮಾಡುತ್ತಿದ್ದರು ಗೊತ್ತಾ? ತಾತನಿಗೆ ಕಿವಿ ಕೇಳಲ್ಲ ಅನ್ನುವ ಹಾಗೆ ಕಿರುಚುತ್ತಿದ್ದರು. ಇಲ್ಲಾ, ತಾತನ ಎದುರಿಗೇ ಕೂತು "ಪಾಪ, ಬುದ್ಧಿ ಸ್ವಾಧೀನ ಹೋಗಿದೆ, ಮಗು ಆಗಿಬಿಟ್ಟಿದಾರೆ" ಅಂತ ಮಾತಾಡುತ್ತಿದ್ದರು. ತಾತ ಕಣ್ಣಲ್ಲಿ ನೀರು ತಂದುಕೊಂಡರೆ, ನೋಡಿ ಸುಮ್ಮಸುಮ್ಮನೆ ಅಳ್ತಾರೆ ಅಂತ ಅದಕ್ಕೂ ಒಂದು ಮಾತು. ಆಮೇಲೆ ಹುಣಸೇಮರದ ಹೊಲ ಮಾರುವ ವಿಷಯ ಬಂತು. ಹೊಲ ತಾತನ ಹೆಸರಿನಲ್ಲಿದೆ. ಅವರನ್ನು ಕೇಳೋದೇನಿದೆ, ಎಡಗೈ ಹೆಬ್ಬೆಟ್ಟು ಒತ್ತಿಸಿದರೆ ಆಯಿತು ಅಂತ ನೆಂಟರ ಪೈಕಿ ಒಬ್ಬರು ಅಂದರು.

ಅಷ್ಟು ಹೊತ್ತಿಗೆ ಜಿಲ್ಲಾಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಅಕ್ಕ ಒಬ್ಬರು ನಮ್ಮಜ್ಜಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಹಾಗೆ ಕೇಳಿ. ಇಂಥವರಿಗೆ ಹೌದು, ಇಲ್ಲ ಎರಡೂ ಅದಲುಬದಲು ಆಗುವುದುಂಟು, ಅದಕ್ಕೆ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಂದು ಸಲ ಕೇಳಿ, ಎರಡೂ ಉತ್ತರ ತಾಳೆ ಆಗುತ್ತಾ ನೋಡಿ. ಅಜ್ಜಿ ಎಲ್ಲರ ಎದುರಿಗೆ ಕೇಳಿದರು. "ನೋಡಿ, ಹುಣಸೇಮರದ ಹೊಲ ಮಾರೋಣ್ವಾ?" ತಾತ ಬೇಡ ಅಂತ ತಲೆ ಆಡಿಸಿದರು. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಹೊಲ ಉಳಿಸ್ಕೊಳ್ಳೋಣ್ವಾ?" ಅಂದರು. ತಾತ ಎಡಗೈ ಎತ್ತಿ ಹೂಂ ಅಂದರು. ಆಮೇಲೆ ಕೆರೆ ಹಿಂದಿನ ಹೊಲ, ತೋಟ, ಹೆಸರು ಬದಲಿಸಿ ಬದಲಿಸಿ ಕೇಳಿದರು. ಒಂದೂ ತಪ್ಪಲಿಲ್ಲ. ಹೊಲ ಈಗಲೂ ನಮ್ಮದೇ.

ತಾತ ಈಗಲೂ ಒಂದರಿಂದ ಹತ್ತು ಎಣಿಸುತ್ತಾರೆ. ಶನಿವಾರದ ಭಜನೆಯಲ್ಲಿ ಧಾಟಿ ಹಿಡಿದರೆ ಪದಗಳೂ ಜೊತೆಗೇ ಬರುತ್ತವೆ! ನೀರು ಕೊಡು ಅನ್ನೋಕೆ ಬರಲ್ಲ, ಹಾಡೋಕೆ ಬರುತ್ತೆ ಅಂದರೆ ನಾಟಕ ಅಂತ ಅಂದುಕೊಂಡವರೂ ಇದ್ದಾರೆ. ನಾಟಕ ಅಲ್ಲ. ಬಾಯಿಪಾಠ ಆದದ್ದು, ಎಣಿಕೆ, ಬೈಗುಳ, ಹಾಡು ಇವೆಲ್ಲ ಹೊಸದಾಗಿ ವಾಕ್ಯ ಕಟ್ಟುವ ದಾರಿಯಲ್ಲಿ ಬರಬೇಕಾಗಿಲ್ಲ. ಹಾಡಿಗೆ ಬಲ ಗೋಳಾರ್ಧದ ನೆರವೂ ಇದೆ. ಹಾಡಿನ ಧಾಟಿಯಲ್ಲೇ ಮಾತು ಕಲಿಸುವ ಒಂದು ಚಿಕಿತ್ಸೆಯನ್ನು 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದರು. ನಾವು ಮನೆಯಲ್ಲಿ "ನೀರು ಬೇಕು" ಅನ್ನುವುದನ್ನು ರಾಗವಾಗಿ ಹೇಳಿಸುತ್ತಿದ್ದೇವೆ. "ನೀರು" ಬಂದಿದೆ. "ಬೇಕು" ಇನ್ನೂ ಬಂದಿಲ್ಲ.

ಇನ್ನು ಕೈಕಾಲಿನ ವಿಷಯ. ಎಡ ಮೆದುಳು ಕೆಟ್ಟರೆ ಬಲಗೈ ಯಾಕೆ ಬೀಳಬೇಕು? ಮೆದುಳಿನಿಂದ ಇಳಿಯುವ ನರತಂತುಗಳಲ್ಲಿ ಹೆಚ್ಚಿನವು ಕುತ್ತಿಗೆಗಿಂತ ಮೇಲೆಯೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟುತ್ತವೆ. ಅಂಗಾಂಗಗಳನ್ನು ಆಡಿಸುವ ಜಾಗ ಯಾವುದು ಅಂತ 1870ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ನಾಯಿಯ ಮೆದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ ತೋರಿಸಿದರು. ಮನುಷ್ಯರಲ್ಲಿ ಇದರ ಪೂರ್ತಿ ನಕ್ಷೆ ಬರೆದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ವೈಲ್ಡರ್ ಪೆನ್‌ಫೀಲ್ಡ್. ಮೂರ್ಛೆರೋಗದವರಿಗೆ ಆಪರೇಷನ್ ಮಾಡುವಾಗ ಅವರು ರೋಗಿಯನ್ನು ಎಚ್ಚರವಾಗಿಯೇ ಇಡುತ್ತಿದ್ದರು. ಚರ್ಮ, ಮೂಳೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಯಾಕೆಂದರೆ ಮೆದುಳಿಗೆ ನೋವೇ ಗೊತ್ತಾಗಲ್ಲ. ಎಲ್ಲರ ನೋವನ್ನೂ ತಿಳಿಯುವ ಮೆದುಳಿಗೆ ತನ್ನ ಮೈ ಕೊಯ್ದರೆ ತಿಳಿಯೋದಿಲ್ಲ. ಪೆನ್‌ಫೀಲ್ಡ್ ಒಂದೊಂದು ಜಾಗಕ್ಕೆ ವಿದ್ಯುತ್ ಮುಟ್ಟಿಸಿ, ಏನಾಯಿತು ಅಂತ ರೋಗಿಯನ್ನೇ ಕೇಳುತ್ತಿದ್ದರು. ಒಂದು ಕಡೆ ಮುಟ್ಟಿಸಿದರೆ ಬೆರಳು ತಾನಾಗಿ ಕುಣಿಯಿತು, ಸ್ವಲ್ಪ ಹಿಂದೆ ಮುಟ್ಟಿಸಿದರೆ ನಾಲಿಗೆ ಜುಮ್ಮೆಂದಿತು.

ಇದರಿಂದ ತಿಳಿದದ್ದು ಇಷ್ಟು. ಫ್ರಾಂಟಲ್ ಹಾಲೆಗೂ ಪರೈಟಲ್ ಹಾಲೆಗೂ ಮಧ್ಯೆ ಒಂದು ಆಳವಾದ ಗೀರು ಇದೆ. ನೆತ್ತಿಯಿಂದ ಕಿವಿಯ ಕಡೆಗೆ, ಹೆಣ್ಣುಮಕ್ಕಳು ಹೇರ್‌ಬ್ಯಾಂಡ್ ಹಾಕುವ ಸಾಲಿನಲ್ಲಿ. ಅದರ ಮುಂದಿನ ಪಟ್ಟಿ ಅಂಗಗಳನ್ನು ಆಡಿಸುತ್ತೆ, ಹಿಂದಿನ ಪಟ್ಟಿ ಸ್ಪರ್ಶ ತಿಳಿಯುತ್ತೆ. ಎರಡರಲ್ಲೂ ಇಡೀ ಮೈ ತಲೆಕೆಳಗಾಗಿ ಬರೆದ ಹಾಗಿದೆ. ಕಾಲು ಮೇಲೆ, ಎರಡು ಗೋಳಾರ್ಧಗಳ ನಡುವಿನ ಸಂದಿಯಲ್ಲಿ. ಕೈ ಮಧ್ಯದಲ್ಲಿ. ಮುಖ, ನಾಲಿಗೆ ಕೆಳಗೆ. ಆದರೆ ಅಳತೆ ನಮ್ಮ ಮೈಯ ಅಳತೆಯಲ್ಲ. ಇಡೀ ಬೆನ್ನಿಗೆ ಒಂದು ಚೂರು ಜಾಗ, ಹೆಬ್ಬೆರಳಿಗೆ, ತುಟಿಗೆ, ನಾಲಿಗೆಗೆ ಎಕರೆಗಟ್ಟಲೆ! ಆ ಅಳತೆಯಲ್ಲಿ ಮನುಷ್ಯನನ್ನು ಬರೆದರೆ ಹೇಗೆ ಕಾಣುತ್ತಾನೆ ಅಂತ ಕೆಳಗಿನ ಚಿತ್ರ ನೋಡಿ. ಮೊರದಷ್ಟು ಕೈ, ದಪ್ಪ ತುಟಿ, ಕಡ್ಡಿಯಂಥ ಮೈ. ಯಕ್ಷಗಾನದ ರಾಕ್ಷಸ ಅಂತ ಏಳನೇ ತರಗತಿಯವರು ಈಗಾಗಲೇ ಹೆಸರಿಟ್ಟಿದ್ದಾರೆ.

ಈ ನಕ್ಷೆ ಗೊತ್ತಾದ ಮೇಲೆ ನನಗೆ ತಾತನ ಕಾಲಿನ ಗುಟ್ಟು ತಿಳಿಯಿತು. ತಾತ ಈಗ ಕೋಲು ಹಿಡಿದು ಹಟ್ಟಿಯವರೆಗೂ ನಡೆಯುತ್ತಾರೆ, ಆದರೆ ಬಲಗೈ ಮುಷ್ಟಿ ಬಿಚ್ಚೋದೇ ಇಲ್ಲ. ಒಂದೇ ದಿನ ಬಿದ್ದ ಕೈಕಾಲಿನಲ್ಲಿ ಕಾಲು ಮಾತ್ರ ಯಾಕೆ ವಾಪಸ್ ಬಂತು? ಮೆದುಳಿನ ಹೊರಮೈಗೆ, ಅಂದರೆ ಮಾತು, ಮುಖ, ಕೈ ಇರುವ ಕಡೆಗೆ ರಕ್ತ ಕೊಡುವುದು ಒಂದು ದೊಡ್ಡ ರಕ್ತನಾಳ. ಕಾಲಿನ ಜಾಗ ಇರುವ ಒಳಸಂದಿಗೆ ರಕ್ತ ಕೊಡುವುದು ಇನ್ನೊಂದು. ಒಂದು ತೂಬು ಮುಚ್ಚಿಹೋದರೆ ಅದರ ಕೆಳಗಿನ ಗದ್ದೆಗಳು ಮಾತ್ರ ಒಣಗುವ ಹಾಗೆ. ಮಾತು ಮತ್ತು ಬಲಗೈ ಒಟ್ಟಿಗೆ ಹೋಗುವುದೂ ಇದೇ ಕಾರಣಕ್ಕೆ. ಲೆಬೋರ್ನ್‌ಗೂ ಬಲಗೈ ಹೋಗಿತ್ತು ಅಂತ ಮೇಲೆ ಬರೆದಿದ್ದೆ, ನೋಡಿ.

ದೊಡ್ಡವರು ಈ ಒಂದು ಪ್ಯಾರಾ ತಪ್ಪದೆ ಓದಬೇಕು. ಇದ್ದಕ್ಕಿದ್ದ ಹಾಗೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಿ ಅಂದಾಗ ಒಂದು ಕೈ ಜಾರಿದರೆ, ಮಾತು ತೊದಲಿದರೆ ಅಥವಾ ನಿಂತರೆ ಅದು ಲಕ್ವ. ಕೂಡಲೇ 108ಕ್ಕೆ ಫೋನ್ ಮಾಡಿ. ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಅದನ್ನು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಅದು ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ಮುಂಚೆ ತಲೆ ಸ್ಕ್ಯಾನ್ ಮಾಡಿ, ಹೆಪ್ಪುಗಟ್ಟಿದೆಯೋ ರಕ್ತನಾಳ ಒಡೆದಿದೆಯೋ ಅಂತ ನೋಡಬೇಕು, ಯಾಕೆಂದರೆ ಒಡೆದಿದ್ದರೆ ಆ ಔಷಧಿಯೇ ಅಪಾಯ. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಬಾಯಿಗೆ ನೀರು, ಕಷಾಯ ಹಾಕಬೇಡಿ, ನುಂಗೋಕೆ ಬರದೆ ಶ್ವಾಸನಾಳಕ್ಕೆ ಹೋಗುತ್ತೆ.

ಪರೈಟಲ್ ಹಾಲೆಯ ಮುಂದಿನ ಪಟ್ಟಿ ಆಯಿತು. ಉಳಿದ ಭಾಗದ ಕೆಲಸ ಇನ್ನೂ ವಿಚಿತ್ರ. ಸುತ್ತಲಿನ ಜಾಗದಲ್ಲಿ ಯಾವುದು ಎಲ್ಲಿದೆ, ನಮ್ಮ ಮೈ ಎಲ್ಲಿದೆ, ಗಮನ ಎಲ್ಲಿ ಕೊಡಬೇಕು ಅನ್ನುವುದು ಇಲ್ಲಿ ನಡೆಯುತ್ತೆ. ಬಲಗಡೆ ಪರೈಟಲ್ ಹಾಲೆ ಕೆಟ್ಟರೆ ಕೆಲವರಿಗೆ ಎಡಗಡೆ ಅನ್ನುವ ಲೋಕವೇ ಇಲ್ಲವಾಗುತ್ತೆ. ಕಣ್ಣು ಸರಿಯಿದೆ, ಆದರೆ ತಟ್ಟೆಯ ಬಲಗಡೆಯ ಅನ್ನ ಮಾತ್ರ ಊಟ ಮಾಡಿ, ಇನ್ನೂ ಹಸಿವು, ಯಾಕೆ ಇಷ್ಟೇ ಬಡಿಸಿದಿರಿ ಅನ್ನುತ್ತಾರೆ. ತಟ್ಟೆ ತಿರುಗಿಸಿ ಇಟ್ಟರೆ ಉಳಿದದ್ದೂ ಕಾಣುತ್ತೆ! ಮುಖಕ್ಷೌರ ಅರ್ಧ ಮಾಡಿಕೊಳ್ಳುತ್ತಾರೆ. ಗಡಿಯಾರ ಬರೆಯಿರಿ ಅಂದರೆ ಹನ್ನೆರಡೂ ಅಂಕಿಯನ್ನು ಬಲಗಡೆಗೇ ತುಂಬುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಮುದುಕರು ಯಾರಾದರೂ ಇದ್ದರೆ ಊಟ ಸೇರಲ್ಲ ಅಂತ ಬೈಯುವ ಮುಂಚೆ ತಟ್ಟೆ ಒಂದು ಸಲ ತಿರುಗಿಸಿ ನೋಡಿ.

ಹಿಂದಲೆಯ ಆಕ್ಸಿಪಿಟಲ್ ಹಾಲೆ ನೋಟಕ್ಕೆ. ಕಣ್ಣು ಮುಂದೆ, ನೋಡುವ ಜಾಗ ಹಿಂದೆ. ಹಿಂದಲೆಗೆ ಏಟು ಬಿದ್ದಾಗ ಕಣ್ಣ ಮುಂದೆ ನಕ್ಷತ್ರ ಹಾರುವುದು ಅದಕ್ಕೇ. ಇದರ ನಕ್ಷೆ ಸಿಕ್ಕಿದ್ದು ಯುದ್ಧದಿಂದ. 1904-05ರಲ್ಲಿ ರಷ್ಯಾಕ್ಕೂ ಜಪಾನಿಗೂ ಯುದ್ಧ ಆಯಿತು. ರಷ್ಯಾದ ಬಂದೂಕಿನ ಗುಂಡು ಸಣ್ಣದು, ವೇಗ ಹೆಚ್ಚು. ತಲೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ನೇರವಾಗಿ ಹೊರಟುಹೋಗುತ್ತಿತ್ತು, ಸಿಪಾಯಿ ಎಷ್ಟೋ ಸಲ ಬದುಕುತ್ತಿದ್ದ. ತತ್ಸುಜಿ ಇನೊಯೆ ಎಂಬ ಜಪಾನಿನ ಕಣ್ಣಿನ ಡಾಕ್ಟರಿಗೆ, ಈ ಸಿಪಾಯಿಗಳ ನೋಟ ಎಷ್ಟು ಹೋಗಿದೆ ಅಂತ ಪಿಂಚಣಿಗಾಗಿ ಲೆಕ್ಕ ಮಾಡುವ ಕೆಲಸ ಬಂತು. ಆತ ಗುಂಡು ಹೊಕ್ಕ ತೂತು, ಹೊರಟ ತೂತು ಎರಡನ್ನೂ ಅಳೆದು, ದಾರಿಯಲ್ಲಿ ಯಾವ ಜಾಗ ಕೆಟ್ಟಿರಬೇಕು ಅಂತ ಹುಡುಕಿ, ಸಿಪಾಯಿಗೆ ಕಾಣದ ಭಾಗದ ಜೊತೆ ಹೊಂದಿಸಿ ನಕ್ಷೆ ಬರೆದು 1909ರಲ್ಲಿ ಪ್ರಕಟಿಸಿದ. ಪಿಂಚಣಿ ಲೆಕ್ಕ ಬರೆಯೋಕೆ ಕೂತವನು ವಿಜ್ಞಾನ ಬರೆದ! ಮೆದುಳಿನ ಶೋಧಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಒಂದು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳಿ. ಎಡ ಮೆದುಳು ನೋಡುವುದು ಬಲಗಣ್ಣಿನಿಂದ ಅಂತ ಅಲ್ಲ. ಎರಡೂ ಕಣ್ಣಿಗೆ ಕಾಣುವ ದೃಶ್ಯದ ಬಲ ಅರ್ಧವನ್ನು ಎಡ ಮೆದುಳು ನೋಡುತ್ತೆ, ಎಡ ಅರ್ಧವನ್ನು ಬಲ ಮೆದುಳು.

ಟೆಂಪೊರಲ್ ಹಾಲೆಯಲ್ಲಿ ಕೇಳುವ ಜಾಗ ಇದೆ. ಕೆಳಭಾಗದಲ್ಲಿ ಮುಖ ಗುರುತಿಸುವ ಜಾಗ. ಅದು ಕೆಟ್ಟವರು ಹೆಂಡತಿ ಮಕ್ಕಳನ್ನೂ ಮುಖ ನೋಡಿ ಗುರುತಿಸಲ್ಲ, ದನಿ ಕೇಳಿದರೆ ಗುರುತಿಸುತ್ತಾರೆ. ಒಳಮಗ್ಗುಲಲ್ಲಿ ಸುರುಳಿ ಸುತ್ತಿಕೊಂಡು ಹಿಪೊಕ್ಯಾಂಪಸ್ ಇದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಮೂರ್ಛೆರೋಗ ನಿಲ್ಲಿಸಲು 1953ರಲ್ಲಿ, ಅವರಿಗೆ 27 ವರ್ಷವಿದ್ದಾಗ, ಎರಡೂ ಕಡೆಯ ಈ ಭಾಗವನ್ನು ಕೊಯ್ದು ತೆಗೆದರು. ಮೂರ್ಛೆ ಕಮ್ಮಿಯಾಯಿತು, ಆದರೆ ಹೊಸ ನೆನಪು ನಿಲ್ಲುವುದೂ ನಿಂತಿತು. ಐದು ನಿಮಿಷದ ಹಿಂದೆ ಮಾತಾಡಿಸಿದವರನ್ನು ಹೊಸಬರು ಅಂದುಕೊಳ್ಳುತ್ತಿದ್ದರು. ಚಿಕ್ಕಂದಿನ ನೆನಪು ಮಾತ್ರ ಇತ್ತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿ ಸಲವೂ ಅವರಿಗೆ ಇದನ್ನು ಮೊದಲು ಮಾಡಿದ ನೆನಪೇ ಇಲ್ಲ! ಕೈಗೆ ಬರುವ ಕಲಿಕೆ ಬೇರೆ, ನೆನಪಿಟ್ಟು ಹೇಳುವ ಕಲಿಕೆ ಬೇರೆ ಅಂತ ಆವತ್ತು ಸಾಬೀತಾಯಿತು. ಅವರು 2008ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು.

ಉಳಿದದ್ದು ಹಣೆಯ ಹಿಂದಿನ ಭಾಗ, ಫ್ರಾಂಟಲ್ ಹಾಲೆಯ ತೀರಾ ಮುಂದಿನ ಜಾಗ. ಮುಂದೇನು ಮಾಡಬೇಕು ಅಂತ ಯೋಜನೆ ಹಾಕುವುದು, ಬಾಯಿಗೆ ಬಂದದ್ದನ್ನು ತಡೆಯುವುದು ಇದರ ಕೆಲಸ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ಕ್ಯಾವೆಂಡಿಶ್ ಎಂಬ ಊರಿನಲ್ಲಿ ರೈಲುದಾರಿಗೆ ಬಂಡೆ ಸಿಡಿಸುವಾಗ, ಫಿನಿಯಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿಯ ಎಡಕೆನ್ನೆಯಲ್ಲಿ ಹೊಕ್ಕ ಹಾರೆ ನೆತ್ತಿಯಲ್ಲಿ ಹೊರಬಂತು. ಮೂರೂವರೆ ಅಡಿಗೂ ಉದ್ದ, ಆರು ಕಿಲೋ ತೂಕದ ಹಾರೆ. ಆತ ಸಾಯಲಿಲ್ಲ, ಸ್ವಲ್ಪ ಹೊತ್ತಿಗೇ ಎದ್ದು ಮಾತಾಡಿದ! ಆದರೆ ಮೊದಲು ಶಿಸ್ತಿನವನಾಗಿದ್ದವನು ಆಮೇಲೆ ಒರಟಾದ, ಹಿಡಿದ ಕೆಲಸ ಬಿಡುವವನಾದ ಅಂತ ಅವನ ಡಾಕ್ಟರ್ ಬರೆದಿಟ್ಟರು. ಪುಸ್ತಕಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಪಾಪದವನನ್ನು ಪುಂಡ ಮಾಡಿಬಿಡುತ್ತವೆ, ಇದು ನನಗೆ ಹಿಡಿಸಲ್ಲ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಆರು ಕುದುರೆಯ ಗಾಡಿ ಓಡಿಸೋದು ಪುಂಡನಿಂದ ಆಗುವ ಕೆಲಸವಾ? 1860ರಲ್ಲಿ ತೀರಿಕೊಂಡ. ಅಂದ ಹಾಗೆ ಈ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. "ಸಾರ್, ನಮ್ಮದು ಇನ್ನೂ ಬಲಿತಿಲ್ಲ" ಅಂತ ಕೊನೇ ಬೆಂಚಿನವರು ಹೇಳಿ ನೋಡಿದರು, ಮೇಷ್ಟ್ರ ಹತ್ತಿರ ನಡೆಯಲಿಲ್ಲ.

ಇಷ್ಟು ಓದಿ ಮೆದುಳು ಅಂದರೆ ಸರ್ವೆ ನಂಬರ್ ಹಾಕಿದ ಹೊಲದ ನಕ್ಷೆ ಅಂದುಕೊಳ್ಳಬೇಡಿ. ಬ್ರಾಡ್‌ಮನ್ ಎಂಬ ಜರ್ಮನಿಯವರು 1909ರಲ್ಲಿ ಜೀವಕೋಶಗಳ ಜೋಡಣೆ ನೋಡಿ ನಂಬರ್ ಹಾಕಿದ್ದು ನಿಜ. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದೊಂದು ಗೋಳಾರ್ಧಕ್ಕೆ 180 ಭಾಗ ಗುರುತಿಸಿದ್ದೂ ನಿಜ. ಆದರೆ ಬದುಗಳು ಗಟ್ಟಿಯಲ್ಲ. ಒಂದು ವಾಕ್ಯ ಓದೋಕೆ ಹಿಂದಲೆ, ಕಣತಲೆ, ಹಣೆ ಎಲ್ಲವೂ ಒಟ್ಟಿಗೆ ಬೇಕು. ಹುಟ್ಟುಕುರುಡರು ಬೆರಳಿನಿಂದ ಬ್ರೈಲ್ ಓದುವಾಗ ಅವರ ನೋಟದ ಜಾಗ ಕೆಲಸ ಮಾಡುತ್ತೆ ಅಂತ 1996ರಲ್ಲಿ ತೋರಿಸಿದರು. ಖಾಲಿ ಬಿದ್ದ ಹೊಲವನ್ನು ಪಕ್ಕದವರು ಉಳುವ ಹಾಗೆ. ನಾವು ಮೆದುಳಿನ ನೂರಕ್ಕೆ ಹತ್ತು ಪಾಲು ಮಾತ್ರ ಬಳಸುತ್ತೇವೆ ಅನ್ನುವ ಮಾತು ಭಾಷಣಗಳಲ್ಲಿ ಬಹಳ ಕೇಳುತ್ತೇವೆ, ಅದು ಸುಳ್ಳು. ಇವನು ಎಡಮೆದುಳಿನವನು, ಅವಳು ಬಲಮೆದುಳಿನವಳು ಅನ್ನುವುದೂ ಸುಳ್ಳು. ನಿಜವಾದ ಮೆದುಳು ನೋಡಬೇಕು ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಮುಂದಿನ ಶೈಕ್ಷಣಿಕ ಪ್ರವಾಸಕ್ಕೆ ಅದನ್ನೂ ಸೇರಿಸಿ ಅಂತ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

ಕೊನೆಗೆ, ಪೆನ್‌ಫೀಲ್ಡ್ ನಕ್ಷೆ ನಿಜವಾ ಅಂತ ನೀವೇ ನೋಡಬಹುದು. ಎರಡು ತೆಂಗಿನ ಕಡ್ಡಿಯ ತುದಿ ಮೊಂಡು ಮಾಡಿ, 3 ಮಿಲಿಮೀಟರ್ ದೂರ ಇಟ್ಟು ದಾರ ಕಟ್ಟಿ. ಗೆಳೆಯನ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಮೆಲ್ಲಗೆ ಮುಟ್ಟಿಸಿ, ಎಷ್ಟು ಕಡ್ಡಿ ಅಂತ ಕೇಳಿ. ನಡುನಡುವೆ ಒಂದೇ ಕಡ್ಡಿ ಮುಟ್ಟಿಸಿ, ಇಲ್ಲಾಂದರೆ ಊಹೆ ಮಾಡಿ ಹೇಳುತ್ತಾರೆ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಎರಡು ಅಂತ ಸರಿಯಾಗಿ ಹೇಳಿದರು. ಆಮೇಲೆ ದಾರ ಬಿಚ್ಚಿ ಕಡ್ಡಿಗಳನ್ನು 3 ಸೆಂಟಿಮೀಟರ್ ದೂರ ಇಟ್ಟು ಬೆನ್ನಿಗೆ ಮುಟ್ಟಿಸಿದರೆ, ಒಂದೇ ಕಡ್ಡಿ ಅಂತ ಹಟ ಮಾಡಿದವರೇ ಜಾಸ್ತಿ. ಮನೆಯಲ್ಲಿ ತಾತನ ಎಡಗೈ ಬೆರಳಿಗೆ ಮುಟ್ಟಿಸಿದೆ. ಎರಡು ಬೆರಳು ಎತ್ತಿ ತೋರಿಸಿದರು. ಕಡ್ಡಿಗಳು ಸಿಬ್ಬಂದಿ ಕೊಠಡಿಯ ಕಿಟಕಿ ಮೇಲಿವೆ, ಮಧ್ಯಾಹ್ನದ ಬಿಡುವಿನಲ್ಲಿ ತಗೊಂಡು ಹೋಗಿ ವಾಪಸ್ ಇಡಿ.